ಮೂರು ಪರಮಾಣು, ಒಂಬತ್ತು ವರ್ಷ

ಕಳೆದ ತಿಂಗಳು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಸರಳ ಲೋಲಕದ ಪ್ರಯೋಗ ನಡೆದಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವ ಪ್ರಯೋಗ ಅದು. ಉತ್ತರ 9.8 ಬರಬೇಕೆಂದು ಎಲ್ಲ ಮಕ್ಕಳಿಗೂ ಗೊತ್ತು, ಪಠ್ಯಪುಸ್ತಕದಲ್ಲೇ ಅಚ್ಚಾಗಿದೆಯಲ್ಲ! ಹಾಗಾಗಿ ಹತ್ತು ತಂಡಗಳಲ್ಲಿ ಒಂಬತ್ತು ತಂಡಗಳಿಗೆ ಉತ್ತರ 9.8 ಬಂದೇ ಬಂತು. ಹತ್ತನೆಯ ತಂಡದ ಹುಡುಗಿಯೊಬ್ಬಳು ಮಾತ್ರ ಹೆದರುತ್ತ ನನ್ನ ಮೇಜಿನ ಬಳಿ ಬಂದಳು.

“ಸಾರ್, ನಮ್ದು 9.3 ಬಂದಿದೆ. ಅಳಿಸಿ 9.8 ಅಂತ ಬರೀಲಾ?”

“ಬೇಡಮ್ಮ. ರಫ್ ಪುಸ್ತಕದಲ್ಲಿ ಏನು ಬಂದಿದೆಯೋ ಅದೇ ರೆಕಾರ್ಡಿಗೂ ಬರಲಿ” ಎಂದೆ. ಅವಳ ಮುಖ ಸಪ್ಪಗಾಯಿತು. ಅಂಕ ಹೋಯಿತೆಂದೇ ತಿಳಿದಳೇನೋ.

ಆ 9.3ರ ಕಥೆ ಏನಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ. ಅಂದು ಅವಳಿಗೆ ಸಮಾಧಾನ ಹೇಳಲು ನಾನು ಹೇಳಿದ್ದು ಮೂರು ಪರಮಾಣುಗಳ ಕಥೆಯನ್ನು. ಈ ವಾರ ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಬಾಟಲಿಯಲ್ಲಿ ಸಿಗದ ಧಾತು

ತರಗತಿಯ ಗೋಡೆಯ ಮೇಲಿರುವ ಆವರ್ತ ಕೋಷ್ಟಕವನ್ನು ನೋಡಿ. ಅಲ್ಯೂಮಿನಿಯಂ, ಗ್ಯಾಲಿಯಂ, ಇಂಡಿಯಂ, ಥ್ಯಾಲಿಯಂ ಇರುವ ಕಂಬಸಾಲಿನ ಕಟ್ಟಕಡೆಗೆ 113ನೆಯ ಮನೆ ಇದೆ. ಪಟ ಹಳೆಯದಾಗಿದ್ದರೆ ಆ ಮನೆ ಖಾಲಿ. ಹೊಸದಾಗಿದ್ದರೆ ಅಲ್ಲಿ ‘ನಿಹೋನಿಯಂ’ ಎಂಬ ಹೆಸರಿರುತ್ತದೆ.

ಕಬ್ಬಿಣ, ತಾಮ್ರ, ಗಂಧಕಗಳನ್ನು ನಾವು ಕೈಯಲ್ಲಿ ಹಿಡಿದು ನೋಡಬಹುದು. ನಿಹೋನಿಯಂ ಅನ್ನು ಹಾಗೆ ಯಾರೂ ನೋಡಿಲ್ಲ, ನೋಡುವುದೂ ಸಾಧ್ಯವಿಲ್ಲ. ಅದನ್ನು ಕಂಡುಹಿಡಿದ ಗೌರವಕ್ಕೆ ಪಾತ್ರವಾದದ್ದು ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆ. ಟೋಕಿಯೊ ಪಕ್ಕದ ವಾಕೋ ಎಂಬ ಊರಿನಲ್ಲಿರುವ ಈ ಸಂಸ್ಥೆಯ ವಿಜ್ಞಾನಿಗಳು ಒಂಬತ್ತು ವರ್ಷಗಳಲ್ಲಿ ತಯಾರಿಸಿದ್ದು ಈ ಧಾತುವಿನ ಒಟ್ಟು ಮೂರು ಪರಮಾಣುಗಳನ್ನು. ಮೂರು ಗ್ರಾಂ ಅಲ್ಲ, ಮೂರು ಮಿಲಿಗ್ರಾಂ ಅಲ್ಲ, ಬರೀ ಮೂರು ಪರಮಾಣು! ಅವೂ ಒಂದೊಂದಾಗಿ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾದವು.

ಹಾಗಾದರೆ ಅವು ಹುಟ್ಟಿದ್ದವೆಂದು ನಂಬುವುದು ಹೇಗೆ? ಜಗತ್ತಿನ ವಿಜ್ಞಾನಿಗಳೆಲ್ಲ ಒಪ್ಪಿಕೊಂಡು ಕೋಷ್ಟಕದಲ್ಲಿ ಮನೆ ಕೊಟ್ಟಿದ್ದಾದರೂ ಯಾವ ಆಧಾರದ ಮೇಲೆ? ಅದಕ್ಕೆ ಉತ್ತರ ಆ ಪರಮಾಣುಗಳ ಬದುಕಿನಲ್ಲಿಲ್ಲ, ಅವು ಸತ್ತ ರೀತಿಯಲ್ಲಿದೆ.

ಭಾರವಾದವರ ಕಷ್ಟ

ಮೊದಲು ಸ್ವಲ್ಪ ಪಾಠ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರಲ್ಲಿ ಪ್ರೋಟಾನ್‌ಗಳೂ ನ್ಯೂಟ್ರಾನ್‌ಗಳೂ ಇವೆ. ಧಾತು ಯಾವುದೆಂದು ನಿರ್ಧರಿಸುವುದು ಪ್ರೋಟಾನ್‌ಗಳ ಸಂಖ್ಯೆ. 26 ಇದ್ದರೆ ಕಬ್ಬಿಣ, 79 ಇದ್ದರೆ ಚಿನ್ನ. ಪ್ರೋಟಾನ್‌ಗಳ ಸಂಖ್ಯೆ ಅಷ್ಟೇ ಇದ್ದು ನ್ಯೂಟ್ರಾನ್‌ಗಳು ಹೆಚ್ಚುಕಡಿಮೆಯಾದರೆ ಧಾತು ಬದಲಾಗದು, ತೂಕ ಮಾತ್ರ ಬದಲಾಗುತ್ತದೆ. ಹೀಗೆ ಒಂದೇ ಮನೆತನದಲ್ಲಿ ಹುಟ್ಟಿದ, ಬೇರೆ ಬೇರೆ ತೂಕದ ಅಣ್ಣತಮ್ಮಂದಿರೇ ಐಸೊಟೋಪ್‌ಗಳು ಅಥವಾ ಸಮಸ್ಥಾನಿಗಳು. ಯುರೇನಿಯಂ-235, ಯುರೇನಿಯಂ-238 ಎನ್ನುವಾಗ ಹಿಂದಿರುವ ಸಂಖ್ಯೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಲೆಕ್ಕ.

ಪ್ರೋಟಾನ್‌ಗಳೆಲ್ಲ ಧನ ವಿದ್ಯುದಂಶದವು. ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಅವನ್ನು ಹಿಡಿದಿಡುವ ನ್ಯೂಕ್ಲಿಯ ಬಲ ಬಹಳ ಪ್ರಬಲವಾದದ್ದು; ಆದರೆ ಅದರ ಕೈ ಚಿಕ್ಕದು, ಪಕ್ಕದಲ್ಲಿರುವ ಕಣಗಳನ್ನಷ್ಟೇ ಹಿಡಿಯಬಲ್ಲದು. ತಳ್ಳಾಟವಾದರೋ ನ್ಯೂಕ್ಲಿಯಸ್ಸಿನ ಈ ತುದಿಯಿಂದ ಆ ತುದಿಯವರೆಗೂ ನಡೆಯುತ್ತದೆ. ಹೀಗಾಗಿ ನ್ಯೂಕ್ಲಿಯಸ್ ದೊಡ್ಡದಾದಂತೆ ತಳ್ಳಾಟದ ಕೈ ಮೇಲಾಗುತ್ತದೆ. 82 ಪ್ರೋಟಾನ್‌ಗಳ ಸೀಸದಿಂದ ಆಚೆಗೆ ಪೂರ್ತಿ ಸ್ಥಿರವಾದ ಧಾತು ಒಂದೂ ಇಲ್ಲ.

ಅಸ್ಥಿರವಾದ ಭಾರದ ನ್ಯೂಕ್ಲಿಯಸ್ ತನ್ನ ಹೊರೆ ಇಳಿಸಿಕೊಳ್ಳುವ ಮುಖ್ಯ ವಿಧಾನ ಆಲ್ಫಾ ಕ್ಷಯ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಒಂದು ಪೊಟ್ಟಣವನ್ನು ಅದು ಹೊರಗೆಸೆಯುತ್ತದೆ. ಈ ಪೊಟ್ಟಣವೇ ಆಲ್ಫಾ ಕಣ. ಆಗ ಪರಮಾಣು ಸಂಖ್ಯೆ 2 ಕಡಿಮೆಯಾಗುತ್ತದೆ, ರಾಶಿ ಸಂಖ್ಯೆ 4 ಕಡಿಮೆಯಾಗುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಕಥೆಯೆಲ್ಲ ಬರೀ ಕೂಡುವ ಕಳೆಯುವ ಲೆಕ್ಕ.

ನಿಮ್ಮ ತಂದೆತಾಯಿಯರಿಗೆ ಪೆಟ್ರೋಮ್ಯಾಕ್ಸ್ ದೀಪ ನೆನಪಿರಬಹುದು. ಜಾತ್ರೆಯಲ್ಲಿ, ಮದುವೆಮನೆಯ ಚಪ್ಪರದಲ್ಲಿ ಬುಸ್ಸೆಂದು ಉರಿಯುತ್ತಿದ್ದ ಆ ದೀಪದ ಮ್ಯಾಂಟಲ್‌ನಲ್ಲಿ ಥೋರಿಯಂ ಇರುತ್ತಿತ್ತು. ಕೇರಳದ ಕಡಲತೀರದ ಮರಳಿನಲ್ಲಿ ಹೇರಳವಾಗಿ ಸಿಗುವ ಧಾತು ಅದು. ಥೋರಿಯಂ-232 ಕೂಡ ಆಲ್ಫಾ ಕಣವನ್ನೆಸೆದು ರೇಡಿಯಂ-228 ಆಗುತ್ತದೆ. ಆದರೆ ಅದಕ್ಕೆ ಅವಸರವಿಲ್ಲ. ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಎಂದರೆ ಇಂದು ಇರುವ ಥೋರಿಯಂ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಅಷ್ಟು ಕಾಲ ಬೇಕು. ನಿಹೋನಿಯಂ ಮಾಡುವುದೂ ಇದೇ ಕೆಲಸವನ್ನೇ, ಆದರೆ ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ.

ಸತುವಿಗೆ ಬಿಸ್ಮತ್ ಕೂಡಿದರೆ

113ನೆಯ ಧಾತುವನ್ನು ತಯಾರಿಸುವ ಲೆಕ್ಕ ಒಂದನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಸತುವಿನಲ್ಲಿ 30 ಪ್ರೋಟಾನ್, ಬಿಸ್ಮತ್‌ನಲ್ಲಿ 83. ಎರಡೂ ಕೂಡಿದರೆ 113. ಕೊಸುಕೆ ಮೊರಿಟಾ ನೇತೃತ್ವದ ರಿಕೆನ್ ತಂಡ ಆರಿಸಿಕೊಂಡದ್ದು ಸತು-70 ಮತ್ತು ಬಿಸ್ಮತ್-209. ಕೂಡಿದರೆ ರಾಶಿ ಸಂಖ್ಯೆ 279. ಕೂಡುವಾಗಿನ ಬಿಸಿಗೆ ಒಂದು ನ್ಯೂಟ್ರಾನ್ ಹಾರಿಹೋಗುತ್ತದೆ, ಉಳಿಯುವುದು 278.

ಕಾಗದದ ಮೇಲೆ ಸುಲಭ. ಆದರೆ ಸತುವಿನ ನ್ಯೂಕ್ಲಿಯಸ್ಸನ್ನು ಬಿಸ್ಮತ್ ನ್ಯೂಕ್ಲಿಯಸ್ ಹತ್ತಿರ ಸೇರಿಸುವುದೇ ಇಲ್ಲ. ಎರಡೂ ಧನ ವಿದ್ಯುದಂಶದವು. ಆ ತಡೆಯನ್ನು ದಾಟಿಸಲು ಸತುವನ್ನು ಕಣ ವೇಗೋತ್ಕರ್ಷಕ ಯಂತ್ರದಲ್ಲಿ ಬೆಳಕಿನ ವೇಗದ ನೂರಕ್ಕೆ ಹತ್ತರಷ್ಟು ವೇಗಕ್ಕೆ ಏರಿಸಬೇಕು. ವೇಗ ಕಡಿಮೆಯಾದರೆ ಎರಡೂ ಕೂಡವು. ಹೆಚ್ಚಾದರೆ ಕೂಡಿದ್ದು ಒಡೆದು ಚೂರಾಗುತ್ತದೆ. ಅಕ್ಕಿರೊಟ್ಟಿಯ ಹದದಂತೆ, ಸ್ವಲ್ಪ ತಪ್ಪಿದರೂ ಕೆಟ್ಟಿತು.

2003ರ ಸೆಪ್ಟೆಂಬರ್‌ನಲ್ಲಿ ಪ್ರಯೋಗ ಆರಂಭವಾಯಿತು. ತೆಳುವಾದ ಬಿಸ್ಮತ್ ಲೇಪನದ ಮೇಲೆ ಸೆಕೆಂಡಿಗೆ ಎರಡು ಲಕ್ಷ ಕೋಟಿಗೂ ಹೆಚ್ಚು ಸತುವಿನ ಕಣಗಳ ಸುರಿಮಳೆ. ಬಿಸ್ಮತ್ 271 ಡಿಗ್ರಿಗೇ ಕರಗಿಹೋಗುವ ಲೋಹ. ಒಂದೇ ಕಡೆ ಕಣಗಳು ಬೀಳುತ್ತಿದ್ದರೆ ಅದು ಉಳಿಯದು. ಆದ್ದರಿಂದ ಅದನ್ನು ತಿರುಗುವ ಚಕ್ರದ ಮೇಲೆ ಕೂರಿಸಿದ್ದರು. ಬಹುತೇಕ ಎಲ್ಲ ಕಣಗಳೂ ಏನನ್ನೂ ಮುಟ್ಟದೆ ಸಾಗಿಹೋಗುತ್ತವೆ. ಅವನ್ನೂ ಬೇಡದ ಚೂರುಗಳನ್ನೂ ಕಾಂತಗಳ ನೆರವಿನಿಂದ ಬೇರೆ ದಾರಿಗೆ ತಿರುಗಿಸಿ, ಬೇಕಾದ ಭಾರದ ನ್ಯೂಕ್ಲಿಯಸ್ಸನ್ನು ಮಾತ್ರ ಮುಂದಕ್ಕೆ ಬಿಡುವ ಉಪಕರಣದ ಹೆಸರು ‘ಗಾರಿಸ್’. ಹೀಲಿಯಂ ಅನಿಲ ತುಂಬಿದ ಈ ಉಪಕರಣ ನಮ್ಮ ಮನೆಯ ಜರಡಿಯಿದ್ದಂತೆ. ಜರಡಿಯ ಕೊನೆಯಲ್ಲಿ ಸಿಲಿಕಾನ್ ಶೋಧಕವಿದೆ. ಬಂದ ನ್ಯೂಕ್ಲಿಯಸ್ ಅದರೊಳಗೆ ನಾಟಿಕೊಳ್ಳುತ್ತದೆ. ಎಲ್ಲಿ ನಾಟಿತು, ಯಾವಾಗ ನಾಟಿತು, ಆಮೇಲೆ ಅದೇ ಜಾಗದಿಂದ ಎಷ್ಟು ಶಕ್ತಿಯ ಕಣ ಹೊರಟಿತು ಎಂಬುದೆಲ್ಲ ತಾನಾಗಿ ದಾಖಲಾಗುತ್ತದೆ.

ಮೊಮ್ಮಗನಿಂದ ತಾತನ ಗುರುತು

ಹಳ್ಳಿಗೆ ಹೊಸಬರು ಬಂದರೆ ಹಿರಿಯರು ಮೊದಲು ಕೇಳುವುದು, “ಯಾರ ಮನೆಯ ಪೈಕಿ ಅಪ್ಪಾ ನೀನು?” ಎಂದು. ತಾತನ ಹೆಸರು ಹೇಳಿದರೆ ಮೊಮ್ಮಗನ ಗುರುತು ಸಿಕ್ಕಂತೆ. ಭಾರಧಾತುಗಳ ಲೋಕದಲ್ಲಿ ಇದು ತಿರುಗುಮುರುಗು. ಇಲ್ಲಿ ತಾತ ಅಪರಿಚಿತ, ಮೊಮ್ಮಗ ಪರಿಚಿತ. ಮೊಮ್ಮಗನನ್ನು ಗುರುತಿಸಿ, ಒಂದೊಂದೇ ತಲೆಮಾರು ಮೇಲೇರಿ ತಾತ ಯಾರೆಂದು ಹೇಳಬೇಕು. ಒಂದೊಂದು ಆಲ್ಫಾ ಕಣವೂ ಒಂದೊಂದು ತಲೆಮಾರು.

2004ರ ಜುಲೈ 23ರಂದು ಶೋಧಕದಲ್ಲಿ ಒಂದು ಭಾರದ ನ್ಯೂಕ್ಲಿಯಸ್ ನಾಟಿತು. ಕೇವಲ 0.344 ಮಿಲಿಸೆಕೆಂಡಿನಲ್ಲಿ ಅದೇ ಜಾಗದಿಂದ ಒಂದು ಆಲ್ಫಾ ಕಣ ಹೊರಟಿತು. 113 ಹೋಗಿ 111 ಆಯಿತು. 9.26 ಮಿಲಿಸೆಕೆಂಡಿನ ನಂತರ ಮತ್ತೊಂದು: 109. ಇನ್ನು 7.16 ಮಿಲಿಸೆಕೆಂಡಿಗೆ ಮಗದೊಂದು: 107, ಅಂದರೆ ಬೋರಿಯಂ. ಎರಡೂವರೆ ಸೆಕೆಂಡ್ ಬಿಟ್ಟು ನಾಲ್ಕನೆಯದು: 105, ಅಂದರೆ ಡುಬ್ನಿಯಂ. ಸುಮಾರು 41 ಸೆಕೆಂಡುಗಳ ನಂತರ ಆ ಡುಬ್ನಿಯಂ ಆಲ್ಫಾ ಕಣವನ್ನೆಸೆಯದೆ ಎರಡು ಹೋಳಾಗಿ ಒಡೆದುಹೋಯಿತು. ಇದಕ್ಕೆ ಸ್ವಯಂ ವಿದಳನ ಎನ್ನುತ್ತಾರೆ.

2005ರ ಏಪ್ರಿಲ್ 2ರಂದು ಎರಡನೆಯ ಪರಮಾಣು ಸಿಕ್ಕಿತು. ಅದರ ಸರಪಳಿಯೂ ಹೀಗೆಯೇ ನಾಲ್ಕು ತಲೆಮಾರು ನಡೆದು ವಿದಳನದಲ್ಲಿ ಮುಗಿಯಿತು.

ಸಿಕ್ಕಿತಲ್ಲ, ಇನ್ನೇನು ಎನ್ನುತ್ತೀರಾ? ಪರೀಕ್ಷಕರು ಹಾಗೆನ್ನಲಿಲ್ಲ. ಹೊಸ ಧಾತುಗಳ ಹಕ್ಕನ್ನು ನಿರ್ಧರಿಸಲು ಭೌತವಿಜ್ಞಾನ ಮತ್ತು ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟಗಳು ಜಂಟಿಯಾಗಿ ನೇಮಿಸಿದ ಸಮಿತಿ ಇದೆ. ಅದು 2011ರ ವರದಿಯಲ್ಲಿ, ಈ ಸಾಕ್ಷ್ಯ ಇನ್ನೂ ಸಾಲದು ಎಂದಿತು. ಕಾರಣ ಎರಡು. ವಿದಳನವಾದಾಗ ನ್ಯೂಕ್ಲಿಯಸ್ ಚೂರಾಗುತ್ತದೆಯೇ ಹೊರತು ತನ್ನ ಹೆಸರು ಹೇಳಿ ಹೋಗುವುದಿಲ್ಲ. ಎರಡನೆಯದಾಗಿ, ಸರಪಳಿಯ ನಡುವಿನ ಬೋರಿಯಂ-266ರ ಬಗ್ಗೆ ಆಗ ಜಗತ್ತಿಗಿದ್ದ ಮಾಹಿತಿಯೇ ತೀರಾ ಅಲ್ಪ. ಮೊಮ್ಮಗನನ್ನೇ ಸರಿಯಾಗಿ ಬಲ್ಲವರಿಲ್ಲದಿರುವಾಗ ತಾತನನ್ನು ಹೇಗೆ ಒಪ್ಪುವುದು?

ರಫ್ ಪುಸ್ತಕದಲ್ಲಿ ಇಲ್ಲದ ಸಾಲು

ಇಷ್ಟು ಬಿಗಿ ಏಕೆ ಎಂದು ಕೇಳಬಹುದು. ಈ ಕ್ಷೇತ್ರ ಒಮ್ಮೆ ಕೈ ಸುಟ್ಟುಕೊಂಡಿತ್ತು.

ಅಮೆರಿಕದ ಬರ್ಕ್‌ಲಿಯಲ್ಲಿರುವ ಲಾರೆನ್ಸ್ ರಾಷ್ಟ್ರೀಯ ಪ್ರಯೋಗಾಲಯ ಈ ವಿದ್ಯೆಯ ತವರುಮನೆ. ನೆಪ್ಚೂನಿಯಂ, ಪ್ಲುಟೋನಿಯಂ ಮೊದಲಾದ ಎಷ್ಟೋ ಧಾತುಗಳು ಬೆಳಕಿಗೆ ಬಂದದ್ದು ಬರ್ಕ್‌ಲಿಯಲ್ಲೇ. 1999ರಲ್ಲಿ ಅಲ್ಲಿನ ತಂಡವೊಂದು ಸೀಸದ ಮೇಲೆ ಕ್ರಿಪ್ಟಾನ್ ಕಣಗಳನ್ನು ಹಾಯಿಸಿ 118ನೆಯ ಧಾತುವನ್ನು ಪಡೆದೆವೆಂದು ಪ್ರಕಟಿಸಿತು. ಮೂರು ಪರಮಾಣುಗಳು, ಅಂದವಾದ ಮೂರು ಆಲ್ಫಾ ಸರಪಳಿಗಳು. ಜಗತ್ತೆಲ್ಲ ಕೊಂಡಾಡಿತು. ಜರ್ಮನಿ, ಫ್ರಾನ್ಸ್, ಜಪಾನ್ ದೇಶಗಳ ಪ್ರಯೋಗಾಲಯಗಳು ಅದೇ ಪ್ರಯೋಗವನ್ನು ಮಾಡಿನೋಡಿದವು. ಯಾರಿಗೂ ಒಂದು ಪರಮಾಣುವೂ ಸಿಗಲಿಲ್ಲ. ಬರ್ಕ್‌ಲಿಯವರೇ ಮತ್ತೆ ಮಾಡಿದರು, ಅವರಿಗೂ ಸಿಗಲಿಲ್ಲ.

ಆಗ ತಂಡದ ಇತರ ಸದಸ್ಯರು ಯಂತ್ರ ತಾನಾಗಿ ಬರೆದಿಟ್ಟಿದ್ದ ಮೂಲ ದಾಖಲೆಗಳನ್ನು ತೆಗೆದು ನೋಡಿದರು. ಪ್ರಕಟವಾದ ಸರಪಳಿಗಳು ಅಲ್ಲಿ ಇರಲೇ ಇಲ್ಲ! ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರಫ್ ಪುಸ್ತಕದಲ್ಲಿ ಇಲ್ಲದ ಸಾಲುಗಳು ಫೇರ್ ರೆಕಾರ್ಡಿನಲ್ಲಿ ಬಂದುಬಿಟ್ಟಿದ್ದವು. 2001ರಲ್ಲಿ ಪ್ರಯೋಗಾಲಯ ತನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. 2002ರಲ್ಲಿ ಪ್ರಬಂಧವನ್ನೇ ವಾಪಸು ತೆಗೆದುಕೊಂಡರು. ವಿಚಾರಣೆ ನಡೆಸಿದ ಸಮಿತಿ, ದತ್ತಾಂಶವನ್ನು ಒಬ್ಬ ಸದಸ್ಯ ಸೃಷ್ಟಿಸಿದ್ದಾನೆಂದು ತೀರ್ಮಾನಿಸಿತು. ಆತ ಅದನ್ನು ಒಪ್ಪಲಿಲ್ಲ. ಕೆಲಸ ಮಾತ್ರ ಹೋಯಿತು.

ಗಮನಿಸಬೇಕಾದದ್ದು ಇಷ್ಟು. ತಪ್ಪನ್ನು ಹಿಡಿದವರು ಹೊರಗಿನ ಪೊಲೀಸರಲ್ಲ. ಹಿಡಿದದ್ದು ಮತ್ತೆ ಮಾಡಿನೋಡುವ ಪದ್ಧತಿ ಮತ್ತು ಅಳಿಸದೆ ಉಳಿದಿದ್ದ ಮೂಲ ದಾಖಲೆ. ಕೊನೆಗೆ 118ನೆಯ ಧಾತು ನಿಜವಾಗಿಯೂ ಸಿಕ್ಕಿದ್ದು ಬೇರೆ ದಾರಿಯಲ್ಲಿ. ರಷ್ಯದ ಡುಬ್ನಾ ನಗರದಲ್ಲಿ ರಷ್ಯನ್ ಮತ್ತು ಅಮೆರಿಕನ್ ವಿಜ್ಞಾನಿಗಳು ಜೊತೆಗೂಡಿ, ಕ್ಯಾಲಿಫೋರ್ನಿಯಂ ಮೇಲೆ ಕ್ಯಾಲ್ಸಿಯಂ-48 ಹಾಯಿಸಿ ಅದನ್ನು ಪಡೆದರು. ಬರ್ಕ್‌ಲಿಯೂ ಕೈಕಟ್ಟಿ ಕೂರಲಿಲ್ಲ. ಪ್ಲುಟೋನಿಯಂ ಮೇಲೆ ಟೈಟಾನಿಯಂ-50 ಹಾಯಿಸಿ 116ನೆಯ ಧಾತುವಿನ ಎರಡು ಪರಮಾಣುಗಳನ್ನು ಪಡೆದದ್ದಾಗಿ 2024ರಲ್ಲಿ ಪ್ರಕಟಿಸಿತು.

ಏಳು ವರ್ಷದ ಬರಗಾಲ

ಮತ್ತೆ ಜಪಾನಿಗೆ ಬರೋಣ. ಮೊರಿಟಾ ತಂಡ ಎರಡು ಕೆಲಸ ಮಾಡಿತು. ಒಂದು, ಮೊಮ್ಮಗನ ಪರಿಚಯ ಮಾಡಿಕೊಂಡದ್ದು. ಕ್ಯೂರಿಯಂ-248ರ ಮೇಲೆ ಸೋಡಿಯಂ-23 ಹಾಯಿಸಿ ಬೋರಿಯಂ-266 ಅನ್ನು ನೇರವಾಗಿ ತಯಾರಿಸಿ, ಅದು ಹೇಗೆ ಕ್ಷಯಿಸುತ್ತದೆ, ಅದರ ಮಗ ಡುಬ್ನಿಯಂ-262 ಹೇಗೆ ಕ್ಷಯಿಸುತ್ತದೆ ಎಂದು ಅಳೆದು 2009ರಲ್ಲಿ ಪ್ರಕಟಿಸಿದರು. ಲೆಕ್ಕ ನೋಡಿ: ಕ್ಯೂರಿಯಂ 96, ಸೋಡಿಯಂ 11, ಒಟ್ಟು 107. ಸರಪಳಿಯ ನಡುವಿನ ಕೊಂಡಿ ಈಗ ಗಟ್ಟಿಯಾಯಿತು.

ಎರಡನೆಯದು, ಕಾಯುವುದು. ಇದೇ ಕಷ್ಟದ ಕೆಲಸ. 2006 ಕಳೆಯಿತು, 2007 ಕಳೆಯಿತು. ಯಂತ್ರ ಸಿಕ್ಕಾಗಲೆಲ್ಲ ಸತುವಿನ ಸುರಿಮಳೆ ಸಾಗಿಯೇ ಇತ್ತು. ಮೂರನೆಯ ಪರಮಾಣು ಬರಲಿಲ್ಲ. ಮೊರಿಟಾ ದೇವಸ್ಥಾನಗಳಿಗೆ ಹೋದಾಗ ಕಾಣಿಕೆಯಾಗಿ 113 ಯೆನ್ ಹಾಕುತ್ತಿದ್ದರಂತೆ. ವಿಜ್ಞಾನಿಯ ಈ ಹರಕೆಗೆ ನಗು ಬರಬಹುದು. ಆದರೆ ಅವರು ಹಾಕಿದ್ದು ಹರಕೆಯ ಹಣವನ್ನೇ ಹೊರತು, ದಾಖಲೆಗೆ ಇಲ್ಲದ ಸಾಲನ್ನಲ್ಲ.

2012ರ ಆಗಸ್ಟ್ 12ರಂದು ಮೂರನೆಯ ಪರಮಾಣು ಬಂತು. ಈ ಸಲ ಡುಬ್ನಿಯಂ ಒಡೆಯಲಿಲ್ಲ. ಅದೂ ಒಂದು ಆಲ್ಫಾ ಕಣವನ್ನೆಸೆದು 103, ಅಂದರೆ ಲಾರೆನ್ಸಿಯಂ-258 ಆಯಿತು. ಆ ಲಾರೆನ್ಸಿಯಂ ಇನ್ನೊಂದನ್ನೆಸೆದು 101, ಅಂದರೆ ಮೆಂಡೆಲೀವಿಯಂ-254 ಆಯಿತು. ಈ ಕೊನೆಯ ಕೊಂಡಿಗಳ ಶಕ್ತಿ, ಆಯುಷ್ಯ ಎಲ್ಲವೂ ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದವು. ಮೊಮ್ಮಗ ಕೊನೆಗೂ ಬಾಯಿಬಿಟ್ಟು ಹೆಸರು ಹೇಳಿದ್ದ! ಮೆಂಡೆಲೀವಿಯಂನಿಂದ ಆರು ಮೆಟ್ಟಿಲು ಹತ್ತಿ: 101, 103, 105, 107, 109, 111, 113. ರಾಶಿ ಸಂಖ್ಯೆಗೆ ಆರು ಸಲ ನಾಲ್ಕು ಕೂಡಿಸಿ: 254ಕ್ಕೆ 24 ಸೇರಿದರೆ 278. ತಾತ ಯಾರೆಂಬುದಕ್ಕೆ ಇನ್ನು ಅನುಮಾನವೇ ಇಲ್ಲ. ಹುಟ್ಟಿನಿಂದ ಮೆಂಡೆಲೀವಿಯಂವರೆಗಿನ ಈ ಇಡೀ ವಂಶದ ಕಥೆ ನಡೆದದ್ದು ಸುಮಾರು ಎರಡೂಕಾಲು ನಿಮಿಷದಲ್ಲಿ. ಅದಕ್ಕಾಗಿ ಕಾದದ್ದು ಏಳು ವರ್ಷಕ್ಕೂ ಮಿಕ್ಕಿ.

ಯಂತ್ರ ಓಡಿದ ದಿನಗಳನ್ನು ಕೂಡಿಸಿದರೆ ಒಟ್ಟು 553. ಹಾಯಿಸಿದ ಸತುವಿನ ಕಣಗಳ ಸಂಖ್ಯೆ, 1ರ ಮುಂದೆ 20 ಸೊನ್ನೆ ಬರೆದರೆ ಬರುವ ಸಂಖ್ಯೆಗಿಂತಲೂ ಹೆಚ್ಚು. ಫಲ ಮೂರು.

ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಲೆಕ್ಕ. ಮೂರು ಪರಮಾಣುಗಳು ಬದುಕಿದ್ದು ಕ್ರಮವಾಗಿ 0.344, 4.93 ಮತ್ತು 0.667 ಮಿಲಿಸೆಕೆಂಡ್. ಸರಾಸರಿ ತೆಗೆಯಿರಿ. ಸುಮಾರು 2 ಮಿಲಿಸೆಕೆಂಡ್ ಬರುತ್ತದೆ. ಅದನ್ನು 0.693ರಿಂದ ಗುಣಿಸಿದರೆ ಅರ್ಧಾಯು: ಸುಮಾರು 1.4 ಮಿಲಿಸೆಕೆಂಡ್. ವಿಜ್ಞಾನಿಗಳು ಮಾಡುವ ಲೆಕ್ಕವೂ ಇದೇ. ಮೂರೂ ಸಂಖ್ಯೆಗಳು ಒಂದರಂತೆ ಒಂದಿಲ್ಲವೆಂದು ಗಾಬರಿಯಾಗಬೇಡಿ. ಯಾವ ಪರಮಾಣು ಯಾವ ಕ್ಷಣ ಕ್ಷಯಿಸುತ್ತದೆಂದು ಮೊದಲೇ ಹೇಳಲಾಗದು. ಮೂರೂ ಒಂದೇ ಆಗಿದ್ದರೆ ಅದೇ ಅನುಮಾನಕ್ಕೆ ಕಾರಣವಾಗುತ್ತಿತ್ತು!

ಒಂದು ಹೆಸರಿನ ಋಣ

2015ರ ಡಿಸೆಂಬರ್ ಕೊನೆಯಲ್ಲಿ 113ನೆಯ ಧಾತುವಿನ ಹಕ್ಕು ರಿಕೆನ್‌ಗೆ ಸಂದಿತು. ಡುಬ್ನಾದಲ್ಲಿ ದುಡಿದ ರಷ್ಯನ್ ಮತ್ತು ಅಮೆರಿಕನ್ ತಂಡಗಳೂ 113ಕ್ಕೆ ಹಕ್ಕು ಕೇಳಿದ್ದವು. ಅವಕ್ಕೆ 115, 117 ಮತ್ತು 118 ಸಂದವು. 2016ರ ನವೆಂಬರ್‌ನಲ್ಲಿ ‘ನಿಹೋನಿಯಂ’ ಹೆಸರು ಅಧಿಕೃತವಾಯಿತು. ನಿಹೋನ್ ಎಂದರೆ ಜಪಾನ್. ಏಷ್ಯಾದ ನೆಲದಲ್ಲಿ ಪತ್ತೆಯಾಗಿ ಹೆಸರು ಪಡೆದ ಮೊದಲ ಧಾತು ಇದು.

ಈ ಹೆಸರಿನ ಹಿಂದೆ ಹಳೆಯದೊಂದು ನೋವಿದೆ. 1908ರಲ್ಲಿ ಮಸಾತಾಕಾ ಒಗಾವಾ ಎಂಬ ಜಪಾನಿ ರಸಾಯನ ವಿಜ್ಞಾನಿ, ಸಿಲೋನಿನ ಖನಿಜವೊಂದರಲ್ಲಿ 43ನೆಯ ಧಾತುವನ್ನು ಕಂಡೆನೆಂದು ಪ್ರಕಟಿಸಿ ಅದಕ್ಕೆ ‘ನಿಪ್ಪೋನಿಯಂ’ ಎಂದು ಹೆಸರಿಟ್ಟಿದ್ದರು. ಬೇರೆಯವರಿಗೆ ಅದು ಸಿಗಲಿಲ್ಲ, ಹೆಸರು ಬಿದ್ದುಹೋಯಿತು. ಬಹುಕಾಲದ ಮೇಲೆ ಅವರ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ಕಂಡದ್ದೇನು? ಒಗಾವಾಗೆ ಸಿಕ್ಕಿದ್ದು 43 ಅಲ್ಲ, ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯ 75, ಅಂದರೆ ರೀನಿಯಂ! ಅದನ್ನು ಜರ್ಮನಿಯಲ್ಲಿ ಕಂಡುಹಿಡಿದದ್ದು 1925ರಲ್ಲಿ. ಒಗಾವಾ ಹೊಸ ಧಾತುವನ್ನು ಕಂಡಿದ್ದು ನಿಜ, ಗುರುತು ಹಿಡಿದದ್ದು ಮಾತ್ರ ತಪ್ಪು. ಅವರು ಪ್ರಾಮಾಣಿಕರಾಗಿದ್ದರು, ದಾಖಲೆ ಇತ್ತು. ಆದ್ದರಿಂದ ತಡವಾಗಿಯಾದರೂ ಅವರ ಕೆಲಸದ ಬೆಲೆ ತಿಳಿಯಿತು. ಬಿದ್ದುಹೋದ ಹೆಸರನ್ನು ಮತ್ತೆ ಇಡುವಂತಿಲ್ಲ. ಹಾಗಾಗಿ ನಿಪ್ಪೋನಿಯಂ ಬದಲಿಗೆ ನಿಹೋನಿಯಂ.

ಇದರಿಂದ ಏನು ಪ್ರಯೋಜನ ಎಂದು ಪೋಷಕರು ಕೇಳುವುದು ಸಹಜ. ಎರಡು ಮಿಲಿಸೆಕೆಂಡ್ ಬದುಕುವ ವಸ್ತುವಿನಿಂದ ಪಾತ್ರೆ ಮಾಡಲಾಗದು, ಔಷಧಿ ಮಾಡಲಾಗದು. ಆದರೆ ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಬಲ ಎಲ್ಲಿಯವರೆಗೆ ಹಿಡಿದೀತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ರಿಕೆನ್‌ನ ನಿಹೋನಿಯಂ-278ರಲ್ಲಿ 165 ನ್ಯೂಟ್ರಾನ್‌ಗಳಿವೆ. ಭಾರವಾದ ಇನ್ನೊಂದು ಐಸೊಟೋಪ್ ನಿಹೋನಿಯಂ-286ರಲ್ಲಿ 173. ಎಂಟೇ ಎಂಟು ನ್ಯೂಟ್ರಾನ್ ಹೆಚ್ಚು. ಅದರ ಅರ್ಧಾಯು ಸುಮಾರು 10 ಸೆಕೆಂಡ್, ಸಾವಿರಾರು ಪಟ್ಟು ಹೆಚ್ಚು! ನ್ಯೂಟ್ರಾನ್‌ಗಳು 184ರ ಹತ್ತಿರ ಹೋದಂತೆ ಆಯುಷ್ಯ ಇನ್ನೂ ಬೆಳೆಯಬಹುದೆಂದು ಸಿದ್ಧಾಂತ ಹೇಳುತ್ತದೆ. ಅಲ್ಲಿಗೆ ತಲುಪಿದವರು ಇನ್ನೂ ಯಾರೂ ಇಲ್ಲ. ರಿಕೆನ್ ತಂಡ 2018ರಲ್ಲಿ 119ನೆಯ ಧಾತುವಿನ ಬೇಟೆಯನ್ನು ಆರಂಭಿಸಿದೆ. ಇಂದು ಹೈಸ್ಕೂಲಿನಲ್ಲಿರುವ ನೀವು ಕಾಲೇಜು ಮುಗಿಸುವುದರೊಳಗೆ ಕೋಷ್ಟಕಕ್ಕೆ ಎಂಟನೆಯ ಸಾಲು ಬೇಕಾಗಬಹುದು.

ಆ 9.3 ಏನಾಯಿತು?

ಮರುದಿನ ಆ ಹುಡುಗಿಯನ್ನೂ ಅವಳ ತಂಡವನ್ನೂ ಕೂರಿಸಿಕೊಂಡು ರಫ್ ಪುಸ್ತಕ ತೆಗೆಸಿದೆ. ಇಪ್ಪತ್ತು ಆಂದೋಲನಗಳ ಸಮಯ ಸರಿಯಾಗಿಯೇ ಇತ್ತು. ಗುಣಾಕಾರ ಭಾಗಾಕಾರ ಸರಿಯಾಗಿತ್ತು. “ಉದ್ದ ಹೇಗೆ ಅಳೆದಿರಿ?” ಎಂದೆ. ಸ್ಕೇಲಿಟ್ಟು ತೋರಿಸಿದಳು. ದಾರದ ಉದ್ದ 38 ಸೆಂಟಿಮೀಟರ್. ದಾರದ ಗಂಟಿನವರೆಗೆ ಮಾತ್ರ! ಗುಂಡಿನ ಕೊಕ್ಕೆಯನ್ನೂ ಗುಂಡಿನ ತ್ರಿಜ್ಯವನ್ನೂ ಸೇರಿಸಿರಲಿಲ್ಲ. ಸೇರಿಸಿದರೆ 40. ನಲವತ್ತಕ್ಕೆ ಎರಡು ಕಡಿಮೆ ಎಂದರೆ ನೂರಕ್ಕೆ ಐದು ಕಡಿಮೆ. 9.8ರಲ್ಲಿ ನೂರಕ್ಕೆ ಐದು ಕಳೆದರೆ ಎಷ್ಟು? ಅವಳೇ ಲೆಕ್ಕ ಹಾಕಿ ಕಣ್ಣರಳಿಸಿದಳು: 9.3!

ಅವಳ ಅಳತೆ ಎಷ್ಟು ನಿಜವಾಗಿತ್ತೆಂದರೆ, ತನ್ನ ತಪ್ಪು ಎಲ್ಲಿದೆ ಎಂಬುದನ್ನೂ ಅದೇ ತೋರಿಸಿಕೊಟ್ಟಿತು. ಅಳಿಸಿ 9.8 ಬರೆದಿದ್ದರೆ ಲೋಲಕದ ಉದ್ದ ಎಲ್ಲಿಯವರೆಗೆ ಎಂದು ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಉಳಿದ ಒಂಬತ್ತು ತಂಡಗಳನ್ನೂ ಕೇಳಿದೆ. ನಾಲ್ಕು ತಂಡಗಳು ಗಂಟಿನವರೆಗೇ ಅಳೆದಿದ್ದವು. ಆದರೂ ಅವರಿಗೆ 9.8 ಬಂದಿತ್ತು! ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಬಿಎಸ್ಸಿ ಓದುವಾಗ ನನಗೂ ಕೆಲವು ಸಲ ಹಾಗೆಯೇ ಬಂದಿತ್ತು. ಹಾಗೆ ಬರೆದ ಪ್ರಯೋಗಗಳಲ್ಲಿ ಒಂದೂ ಇಂದು ನೆನಪಿಲ್ಲ.

ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಪೋಷಕರೇ, ಮಗುವಿನ ರೆಕಾರ್ಡ್ ಪುಸ್ತಕ ಮನೆಗೆ ಬಂದಾಗ ಅಂಕದ ಜೊತೆಗೆ ರಫ್ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ. ಎರಡರಲ್ಲೂ ಒಂದೇ ಸಂಖ್ಯೆ ಇದ್ದರೆ, ಉತ್ತರ ತಪ್ಪಾಗಿದ್ದರೂ ಸರಿಯೇ, ಬೆನ್ನು ತಟ್ಟಿ.